ಹಕ್ಕುಪತ್ರಗಳ ಎಣಿಕೆಯೂ ಬುದ್ಧಿಯ ತೂಕವೂ

ಚಾಮರಾಜಪೇಟೆಯ ಉಚಿತ ವಿದ್ಯಾರ್ಥಿ ನಿಲಯವೊಂದರ ಪುರಸ್ಕಾರ ಸಮಿತಿಯಲ್ಲಿ ನಾವೂ ಒಬ್ಬ ಸದಸ್ಯರು. ದಾನಿಗಳೊಬ್ಬರು ತಮ್ಮ ತಂದೆಯವರ ಸ್ಮರಣಾರ್ಥ ಇರಿಸಿದ ದತ್ತಿಯಿಂದ, ಹೊಸದನ್ನು ಕಂಡುಹಿಡಿದ ವಿದ್ಯಾರ್ಥಿಗೆ ಬಹುಮಾನ ನೀಡಬೇಕಾಗಿತ್ತು. ಕೊನೆಗೆ ಇಬ್ಬರು ಉಳಿದರು. ಒಬ್ಬನ ಹೆಸರಿನಲ್ಲಿ ಮೂರು ಪೇಟೆಂಟ್ ಅರ್ಜಿಗಳಿದ್ದವು. ತುಮಕೂರು ಸೀಮೆಯ ಇನ್ನೊಬ್ಬನು ಹುಣಸೆಹಣ್ಣಿನಿಂದ ಬೀಜ ಬಿಡಿಸುವ ಕೈಯಂತ್ರವೊಂದನ್ನು ಮಾಡಿ, ಅದರ ನಕ್ಷೆಯನ್ನು ಊರಿನ ಕಮ್ಮಾರನಿಗೆ ಕೊಟ್ಟಿದ್ದನು. ಅಲ್ಲಿನ ಹೆಂಗಸರು ಆಗಲೇ ಅದನ್ನು ಬಳಸುತ್ತಿದ್ದರು. "ಮೂರು ಸೊನ್ನೆಗಿಂತ ದೊಡ್ಡದಲ್ಲವೇ?" ಎಂದರು ಸದಸ್ಯರೊಬ್ಬರು. ನಾವೂ ತಲೆಯಾಡಿಸಿದೆವು. ಮನೆಗೆ ಬಂದ ಮೇಲೆ ಮನಸ್ಸು ಒಪ್ಪಲಿಲ್ಲ.

ಓದುಗ ಬಂಧುಗಳೇ, ಒಂದು ನಾಡಿನ ಹೊಸತನವನ್ನು ಪೇಟೆಂಟುಗಳ ಸಂಖ್ಯೆಯಿಂದ ಅಳೆಯುವ ರೂಢಿ ಈಗ ಎಲ್ಲೆಡೆ ಬೇರೂರಿದೆ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳೆವು. ಪೇಟೆಂಟ್ ಪಡೆಯುವವನು ತನ್ನ ಶೋಧದ ಮರ್ಮವನ್ನು ಬರೆದು ಬಹಿರಂಗಪಡಿಸಬೇಕು. ಪ್ರತಿಯಾಗಿ ಅವನಿಗೆ 20 ವರ್ಷಗಳ ಹಕ್ಕು. ಅನಂತರ ಅದು ಸರ್ವರ ಸೊತ್ತು. ದಿನಾಂಕವಿರುವ, ಯಾರಾದರೂ ತೆರೆದು ನೋಡಬಹುದಾದ ಇಂಥ ದಾಖಲೆ ಅಪರೂಪವೇ ಸರಿ.

ಆದರೆ ಅರ್ಜಿ ಬೇರೆ, ಅದರ ಪ್ರಕಟಣೆ ಬೇರೆ, ಪರೀಕ್ಷೆಯ ಬಳಿಕ ದೊರೆಯುವ ಮಂಜೂರಾತಿ ಬೇರೆ, ಬಳಕೆ ಇನ್ನೂ ಬೇರೆ. ಬಿತ್ತಿದ್ದೆಲ್ಲ ಬೆಳೆಯಲ್ಲ. 2021ರಲ್ಲಿ ವಿದ್ಯಾಸಂಸ್ಥೆಗಳಿಗೆ ಶುಲ್ಕದಲ್ಲಿ ಶೇಕಡಾ 80ರಷ್ಟು ರಿಯಾಯಿತಿ ದೊರೆಯಿತು. ಎಂಜಿನಿಯರಿಂಗ್ ವಿದ್ಯಾಸಂಸ್ಥೆಗಳ ರಾಷ್ಟ್ರೀಯ ಶ್ರೇಯಾಂಕದಲ್ಲಿ ಪ್ರಕಟವಾದ ಪೇಟೆಂಟುಗಳಿಗೂ ಅಂಕವುಂಟು. ಎಣಿಕೆಗೆ ಅಂಕ ದೊರೆತಾಗ ಎಣಿಕೆಗಾಗಿಯೇ ಅರ್ಜಿ ಹಾಕುವ ಆಸೆ ಹುಟ್ಟುವುದು ಸಹಜ.

ವಿಳಾಸದ ತೊಡಕೂ ಇದೆ. ಬೆಂಗಳೂರಿನವರ ಅರ್ಜಿ ಸಲ್ಲುವುದು ಚೆನ್ನೈನ ಪೇಟೆಂಟ್ ಕಚೇರಿಗೆ. ಕಚೇರಿವಾರು ಲೆಕ್ಕದಲ್ಲಿ ದಕ್ಷಿಣದ ರಾಜ್ಯಗಳೆಲ್ಲ ಒಂದೇ ರಾಶಿ. ಅರ್ಜಿದಾರರ ವಿಳಾಸ ನೋಡಿ ಎಣಿಸಿದರೆ, ವಿದೇಶೀ ಕಂಪೆನಿಗಾಗಿ ಇಲ್ಲಿ ಕುಳಿತು ದುಡಿದ ನಮ್ಮ ಮಕ್ಕಳ ಬುದ್ಧಿ ಆ ಕಂಪೆನಿಯ ದೇಶದ ಖಾತೆಗೆ ಸೇರುತ್ತದೆ. ಶೋಧಕರ ವಾಸಸ್ಥಳ ನೋಡಿ ಎಣಿಸಿದರೆ ಅದೇ ಬುದ್ಧಿ ಬೆಂಗಳೂರಿನದಾಗುತ್ತದೆ. ಕೆಲಸ ಒಂದೇ, ಲೆಕ್ಕ ಎರಡು!

ಇನ್ನು ಎಣಿಕೆಗೆ ಬಾರದವುಗಳ ಮಾತು. 1970ರ ಪೇಟೆಂಟ್ ಕಾಯಿದೆಯ 3ನೆಯ ಕಲಮಿನಂತೆ ಬೇಸಾಯದ ಪದ್ಧತಿ, ಸಸ್ಯ ಮತ್ತು ಬೀಜ, ಬರಿಯ ಕಂಪ್ಯೂಟರ್ ಪ್ರೋಗ್ರಾಂ, ಪರಂಪರೆಯ ತಿಳಿವಳಿಕೆ ಇವು ಪೇಟೆಂಟಿಗೆ ಸಲ್ಲವು. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ತಳಿಗಳು ನಮ್ಮ ಎಷ್ಟೋ ಮನೆಗಳ ಮುದ್ದೆಯನ್ನು ಹಿರಿದು ಮಾಡಿದವು. ಅಂಥ ತಳಿ ಈ ಪಟ್ಟಿಯಲ್ಲಿ ಕಾಣಿಸದು. ಮಲ್ಲೇಶ್ವರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ಕೇಂದ್ರವು, ಕಡಿಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಹೊರಗಟ್ಟುವ ಒಲೆಯನ್ನು ಹಳ್ಳಿಗಳಿಗೆ ಮುಟ್ಟಿಸಿತು. ಅದರ ಬೆಲೆಯನ್ನು ಹೇಳಬೇಕಾದವರು ಒಲೆಯ ಮುಂದೆ ಕುಳಿತ ತಾಯಂದಿರು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿಯನ್ನು ಮೊದಲು ಮಾಡಿದವರು ತಾವೇ ಎನ್ನುತ್ತಾರೆ, ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್‌ನವರು. ಬಸವನಗುಡಿಯ ಯಾವ ಗೃಹಿಣಿಯೂ ಅದನ್ನು ಬೇಯಿಸಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಹಾಗೆಂದು ಹಕ್ಕುಪತ್ರವೇ ಬೇಡವೆನ್ನುವುದೂ ಅವಿವೇಕ. ಹೊಸ ಯಂತ್ರವೊಂದು ಅರ್ಜಿಗೆ ಮೊದಲೇ ಬಹಿರಂಗವಾಗಿ ಊರ ಬಳಕೆಗೆ ಬಂದರೆ ಆಮೇಲೆ ಸಾಮಾನ್ಯವಾಗಿ ಪೇಟೆಂಟ್ ದೊರೆಯದು. ಹುಣಸೆಯ ಯಂತ್ರ ಮಾಡಿದ ಹುಡುಗನು ತಿಳಿದೇ ದಾನ ಮಾಡಿದನೋ, ತಿಳಿಯದೆ ಹಕ್ಕನ್ನು ಕಳೆದುಕೊಂಡನೋ? ಸಮಿತಿಯಲ್ಲಿದ್ದ ನಾವು ಹಿರಿಯರಾರೂ ಕೇಳಲಿಲ್ಲ. ಅದು ನಮ್ಮ ತಪ್ಪು.

ಬಹುಮಾನವು ಆಗಲೇ ಮೊದಲನೆಯವನಿಗೆ ಘೋಷಣೆಯಾಗಿತ್ತು. ಕೊಟ್ಟ ಮಾತನ್ನು ಹಿಂದೆಗೆಯುವುದು ಸಲ್ಲದು. ಆ ಹುಡುಗನದೇನೂ ತಪ್ಪಿಲ್ಲ. ಎರಡನೆಯವನಿಗೆ ನಾವೇ ಪತ್ರ ಬರೆದೆವು. ಒಂದು ವಾರದಲ್ಲಿ ಉತ್ತರ ಬಂದಿತು: "ಅಜ್ಜಾವರೇ, ಪೇಟೆಂಟ್ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವ್ವನ ಕೈಗೆ ಯಂತ್ರ ಕೊಡುತ್ತಿದ್ದೆ. ಕಮ್ಮಾರನಿಗೆ ಕೊಡುವ ಮೊದಲು ಒಮ್ಮೆ ಯೋಚಿಸುತ್ತಿದ್ದೆನೇನೋ."

ಈ ಕೊನೆಯ ಮಾತು ನಮ್ಮನ್ನು ಇನ್ನೂ ಬಿಟ್ಟಿಲ್ಲ. ಬರುವ ವರ್ಷದಿಂದ ಸಮಿತಿಯು ಎಷ್ಟು ಅರ್ಜಿ ಎಂದು ಕೇಳುವುದಕ್ಕೆ ಮೊದಲು, ಯಾರ ಕಷ್ಟ ಕಳೆಯಿತು ಎಂದು ಕೇಳಲಿದೆ. ವರ್ಷದ ಆರಂಭದಲ್ಲಿಯೇ ಬಲ್ಲವರೊಬ್ಬರು ನಿಲಯದ ಮಕ್ಕಳಿಗೆ ಈ ಕಾಯಿದೆಯನ್ನು ವಿವರಿಸಲಿದ್ದಾರೆ. ನಿಮ್ಮ ಮನೆಯ ಮಗುವೂ ಏನನ್ನಾದರೂ ಹೊಸದಾಗಿ ಮಾಡಿದ್ದರೆ, ನಾಲ್ವರಿಗೆ ತೋರಿಸುವ ಮುನ್ನ ತಿಳಿದವರನ್ನು ಕೇಳಿರಿ. ಆಮೇಲೆ ಇಟ್ಟುಕೊಳ್ಳಲಿ, ಇಲ್ಲವೇ ಲೋಕಕ್ಕೆ ದಾಸೋಹವಾಗಿ ನೀಡಲಿ. ಏನೇ ಮಾಡಿದರೂ ತಿಳಿದು ಮಾಡಲಿ.