ಮುಪ್ಪಿನ ಸಂಶೋಧನೆ ಹೆರಿಗೆ ವಾರ್ಡಿನಿಂದ ಶುರುವಾಗಲಿ

ಮುಪ್ಪನ್ನು ಮುಂದೂಡುವ ವಿಜ್ಞಾನಕ್ಕೆ ಈಗ ದುಡ್ಡೂ ಇದೆ, ಹುಮ್ಮಸ್ಸೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2024ರಲ್ಲಿ 'ಲಾಂಜೆವಿಟಿ ಇಂಡಿಯಾ' ಎಂಬ ಯೋಜನೆ ಶುರುವಾಗಿದೆ. ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಆರೋಗ್ಯವನ್ನು ಗಮನಿಸುತ್ತಾ ಬಂದಿದ್ದಾರೆ. ಬೇಕಾದ ಕೆಲಸವೇ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಜನಕ್ಕೆ ಈ ವಿಜ್ಞಾನದ ಫಲ ದಕ್ಕಬೇಕಾದರೆ ಅದು ನಡುವಯಸ್ಸಿನಲ್ಲಿ ಶುರುವಾದರೆ ಸಾಲದು.

ಈ ಮಾತಿಗೆ ಆಧಾರ ಪಕ್ಕದ ಮೈಸೂರಿನಲ್ಲೇ ಇದೆ. ಜನ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ, ಅಂದರೆ ಮಂಡ್ಯ ಇನ್ನೂ ಮೈಸೂರು ಜಿಲ್ಲೆಯೊಳಗೇ ಇದ್ದ ಕಾಲದಿಂದ, ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿದ ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕೆಜಿಗೂ ಮೀರಿ ತೂಗಿದವರಲ್ಲಿ ಅದು 3 ಮಾತ್ರ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನ ಹಳೆಯ ದಾಖಲೆಗಳಲ್ಲಿ ಸಂಶೋಧಕ ಡೇವಿಡ್ ಬಾರ್ಕರ್ ಕಂಡಿದ್ದೂ ಇದೇ ನಂಟು. ಹೊಟ್ಟೆಯಲ್ಲಿರುವಾಗ ಪೋಷಣೆ ಸಾಲದೆ ಹೋದರೆ ಮಗು ಮಿದುಳನ್ನು ಉಳಿಸಿಕೊಳ್ಳುತ್ತದೆ. ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ಸ್ನಾಯುಗಳಿಗೆ ಕೊರತೆ ಬೀಳುತ್ತದೆ. ಆ ಕೊರತೆ ಬಿಪಿ, ಶುಗರ್ ಆಗಿ ಕಾಣಿಸಿಕೊಳ್ಳುವುದು ಎಷ್ಟೋ ದಶಕ ಕಳೆದ ಮೇಲೆ.

ಎಲ್ಲವೂ ಬಸಿರಲ್ಲೇ ತೀರ್ಮಾನವಾದರೆ ಅರವತ್ತರವರು ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೈಸೂರಿನ ಅಂಕಿಅಂಶವೇ ಅದಕ್ಕೆ ಉತ್ತರ: ಕಡಿಮೆ ತೂಕದವರಲ್ಲೂ ನೂರಕ್ಕೆ 89 ಮಂದಿಗೆ ಆ ಕಾಯಿಲೆ ಇರಲಿಲ್ಲ. ಬಿಪಿ ಹತೋಟಿ, ಹೊಗೆಸೊಪ್ಪು ಬಿಡುವುದು, ನಡಿಗೆ ಯಾವ ವಯಸ್ಸಿನಲ್ಲೂ ಫಲ ಕೊಡುತ್ತವೆ. ಇನ್ನೊಂದು ಆಕ್ಷೇಪ ಪ್ರಯೋಗಾಲಯದ ಕಡೆಯಿಂದ ಬರುತ್ತದೆ. ರ‍್ಯಾಪಮೈಸಿನ್ ಎಂಬ ಔಷಧ ಮುದಿ ಇಲಿಗಳ ಆಯುಸ್ಸನ್ನೂ ಹೆಚ್ಚಿಸಿತೆಂದು 2009ರಲ್ಲೇ ಗೊತ್ತಾಗಿದೆ, ಹಾಗಾದರೆ ತೊಟ್ಟಿಲವರೆಗೆ ಹೋಗುವುದೇಕೆ? ಆ ಶೋಧ ಬಹಳ ದೊಡ್ಡದು, ಮುಂದುವರಿಯಲೇಬೇಕು. ಆದರೆ ಮನುಷ್ಯರ ಆಯುಸ್ಸನ್ನು ಅದು ಹೆಚ್ಚಿಸುತ್ತದೆಂದು ಇನ್ನೂ ಸಾಬೀತಾಗಿಲ್ಲ. ನಾಟಿ ಹಾಕುವ, ಕಬ್ಬಿನ ಸೋಗೆ ಹೊರುವ ಬಸುರಿಗೆ ಹೊಟ್ಟೆತುಂಬ ಊಟ, ಕಬ್ಬಿಣದ ಮಾತ್ರೆ, ಬಿಡುವು ಸಿಗಬೇಕೆನ್ನುವುದಕ್ಕೆ ಹೊಸ ಔಷಧವೇನೂ ಬೇಡ. ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟ ಎಂದು ಆಕೆಯ ತಟ್ಟೆಗೆ ಕಡಿಮೆ ಬಡಿಸುವ ಮನೆಗಳು ಇಂದಿಗೂ ಇವೆ. ಅಂಗನವಾಡಿಯ ಮಾತೃಪೂರ್ಣ ಊಟವನ್ನು ಈ ಕಾರಣಕ್ಕೇ ದೀರ್ಘಾಯುಷ್ಯದ ಯೋಜನೆ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ದಾಖಲೆಯ ಮಾತು. ನಮ್ಮ ಹಳ್ಳಿಗಳ ಎಷ್ಟೋ ಹಿರಿಯರ ಹುಟ್ಟಿದ ತಾರೀಖು ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದದ್ದು. ವಯಸ್ಸೇ ಖಚಿತವಿಲ್ಲದ ಕಡೆ ಮುಪ್ಪಿನ ಅಧ್ಯಯನ ಮಾಡುವುದು ಕಷ್ಟ. ಈಗ ತಾಯಿ ಕಾರ್ಡಿನಲ್ಲಿ ಕೂಸಿನ ತೂಕ ಬರೆಯುತ್ತಾರೆ, ಆದರೆ ಲಸಿಕೆಗಳು ಮುಗಿದ ಮೇಲೆ ಆ ಕಾರ್ಡನ್ನು ಕೇಳುವವರಿಲ್ಲ. ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ರಿಜಿಸ್ಟರುಗಳನ್ನು ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ನಮ್ಮ ಮಿಮ್ಸ್, ತನ್ನ ಸುಪರ್ದಿಗೆ ತೆಗೆದುಕೊಂಡು, ಹೆಸರುಗಳ ಗೋಪ್ಯ ಕಾಪಾಡಿ, ಮುಂದಿನ ಅರವತ್ತು ವರ್ಷ ಜೋಪಾನ ಮಾಡುವ ವ್ಯವಸ್ಥೆಯನ್ನು ಈ ವರ್ಷವೇ ಆರಂಭಿಸಬೇಕು.