ವೈನ್ ಬಾಟಲಿ ಮೇಲೆ ನಮ್ಮ ಹೆಸರು ಯಾಕಿರಬಾರದು?



ಶ್ರವಣಬೆಳಗೊಳ ಹೋಬಳಿಯ ನಮ್ಮ ಹುಡುಗನೊಬ್ಬ ಕೇಳಿದ: "ಅಣ್ಣಾ, ಮನೆಯವರೆಲ್ಲ ಸೇರಿ ಸಣ್ಣದೊಂದು ವೈನರಿ ಮಾಡೋಣ ಅಂತಿದೀವಿ. ಸಂಘದೋರು ಬೈತಾರಾ?" ಇದು ಅವನೊಬ್ಬನ ಪ್ರಶ್ನೆ ಅಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಬೈಯೋದಕ್ಕೆ ಕಾರಣ ಇದೆ. ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಬೀದಿಗಿಳಿದ ಚಳವಳಿ ನಮ್ಮದು. 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟಲ್ಲ ಅನ್ನೋದೂ ಒಂದು. ಕುಡಿತದಿಂದ ಹಾಳಾದ ಮನೆಗಳ ಲೆಕ್ಕ ಕೇರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಪ್ರತಿಜ್ಞೆ ತಗೊಂಡವರು ಈ ವ್ಯಾಪಾರಕ್ಕೆ ಇಳಿಯೋದು ಬೇಡ, ನಾನೂ ಇಳಿಯಲ್ಲ. ಆದ್ರೆ ನಮ್ಮ ಪ್ರತಿಜ್ಞೆಯನ್ನ ನೆಪ ಮಾಡಿಕೊಂಡು ಬ್ಯಾಂಕಾಗಲಿ ಸರ್ಕಾರವಾಗಲಿ ನಮ್ಮನ್ನ ಉದ್ಯಮದಿಂದ ಹೊರಗಿಡೋ ಹಾಗಿಲ್ಲ.

2007 ನೆನಪಿದೆಯಾ? ಜುಲೈ 1ರಿಂದ ಸಾರಾಯಿ ಬಂದ್. ಬಂದ್ ಆಗಿದ್ದು ಒಳ್ಳೇದೇ. ಆದ್ರೆ ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು. ಬಡವನ ಲೋಟ ಪಿಡುಗು ಆಯ್ತು, ಉಳ್ಳವರ ಗ್ಲಾಸು ಉದ್ಯಮ ಆಯ್ತು. ಅರಕಲಗೂಡು ದಾಟಿ ಕೊಡಗಿಗೆ ಹೋಗಿ, 'ಹೋಮ್ ಮೇಡ್ ವೈನ್' ಬೋರ್ಡು ಸಿಗುತ್ತೆ, ಪ್ರವಾಸಿಗರು ಉಡುಗೊರೆಗೆ ಒಯ್ತಾರೆ. ಕೇರಿಯಲ್ಲಿ ಒಂದು ಮಡಕೆ ಸಿಕ್ಕರೆ ಕೇಸು.

ಇನ್ನು ಕೆಲಸದ ಮಾತು. ವೈನ್ ಅಂದ್ರೆ ಕಾಯೋದು. ಬಳ್ಳಿ ನೆಟ್ಟು ಒಳ್ಳೆ ಫಸಲು ಬರೋಕೆ ಸುಮಾರು ಮೂರು ವರ್ಷ. ಹಣ್ಣಿನ ಸಕ್ಕರೆ ಅಳೆದು ಕೊಯ್ದು, ಹಿಸುಕಿ, ಯೀಸ್ಟ್ ಹಾಕಿ ಒಂದೆರಡು ವಾರ ಹುದುಗಿಸಬೇಕು. ಆಮೇಲೆ ಗಸಿ ತೆಗೆದು ಬೇರೆ ಟ್ಯಾಂಕಿಗೆ ಇಳಿಸಿ ತಿಂಗಳುಗಟ್ಟಲೆ ಇಡಬೇಕು. ಗಾಳಿ ಆಡಿದ್ರೆ ಹುಳಿಯಾಗಿ ವಿನೆಗರ್ ಆಗುತ್ತೆ. ತಯಾರಿಕೆ ಶುರು ಮಾಡೋಕೆ ಮೊದಲೇ ಅಬಕಾರಿ ಲೈಸೆನ್ಸು ಬೇಕು; ಲೇಬಲ್ಲಿಗೆ ಒಪ್ಪಿಗೆ, ಆಹಾರ ಸುರಕ್ಷತೆಯ ನಿಯಮ ಎಲ್ಲ ಮುಗಿಯದೆ ಒಂದು ಬಾಟಲಿಯನ್ನೂ ಮಾರೋ ಹಾಗಿಲ್ಲ.

ದೊಡ್ಡಬಳ್ಳಾಪುರದ ಹತ್ರ ಗ್ರೋವರ್ ಕುಟುಂಬ 1988ರಲ್ಲಿ ತೋಟ ಶುರು ಮಾಡಿತು, ಮೊದಲ ವೈನ್ ಬಂದಿದ್ದು 1992ರಲ್ಲಿ. ಕಾಯೋಕೆ ಅವರ ಹತ್ರ ಬೇರೆ ವ್ಯಾಪಾರದ ದುಡ್ಡಿತ್ತು, ಫ್ರಾನ್ಸಿನ ತಜ್ಞರಿದ್ರು. ನಮ್ಮ ಹತ್ರ? ತಾತನಿಗೆ ಮಂಜೂರಾದ ಎರಡೆಕರೆ, ಅದಕ್ಕೂ ಪಿಟಿಸಿಎಲ್ ಕೇಸು. 2016ರ 'ಸ್ಟ್ಯಾಂಡ್ ಅಪ್ ಇಂಡಿಯಾ' ಯೋಜನೆ ಪರಿಶಿಷ್ಟರಿಗೆ, ಹೆಣ್ಮಕ್ಕಳಿಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಅಂತು. ಕಂತು ಶುರುವಾಗೋಕೆ ಹೆಚ್ಚೆಂದ್ರೆ 18 ತಿಂಗಳು ಬಿಡುವು ಇತ್ತು. ಬಳ್ಳಿಗೆ ಮೂರು ವರ್ಷ ಬೇಕು, ಬ್ಯಾಂಕಿಗೆ ಒಂದೂವರೆ ವರ್ಷ. ಹಣ್ಣು ಬಿಡೋಕೆ ಮೊದಲೇ ಸಾಲ ಕುತ್ತಿಗೆಗೆ ಬರುತ್ತಿತ್ತು. ಇಲ್ಲಿ ಜಾತಿ ಕೆಲಸ ಮಾಡೋದು ಹೀಗೆ, ಯಾರೂ ಬಾಯಿಬಿಟ್ಟು ಬೇಡ ಅನ್ನಲ್ಲ.

ದಕ್ಷಿಣ ಆಫ್ರಿಕಾದ ದ್ರಾಕ್ಷಿ ತೋಟಗಳಲ್ಲಿ ಕೂಲಿಯ ಒಂದು ಭಾಗವನ್ನ ವೈನಲ್ಲೇ ಕೊಡೋ 'ಡಾಪ್' ಪದ್ಧತಿ ಇತ್ತು. ತಮಟೆ ಬಡಿದ ನಮ್ಮ ಹಿರಿಯರ ಕೈಗೆ ಹೆಂಡ ಇಟ್ಟು ಕಳಿಸಿದ ಹಾಗೇ. ಅದೇ ನೆಲದ ಸ್ಟೆಲೆನ್‌ಬಾಷ್‌ನಲ್ಲಿ 2003ರಲ್ಲಿ ರಂಗಾಕಾ ಅನ್ನೋ ಕರಿಯರ ಕುಟುಂಬ ತೋಟ ಕೊಂಡಿತು. ವೈನ್ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಪಕ್ಕದ ತೋಟದ ವೈನರಿಯವರು ಕೈಹಿಡಿದು ಕಲಿಸಿದ್ರು. ಕೊನೆಗೆ ಅವರದೇ ಬ್ರ್ಯಾಂಡಿನ ವೈನ್ ಬಂತು.

ಇಲ್ಲಿ ಅಂಥ ಪಕ್ಕದ ತೋಟದವರನ್ನ ನೆಚ್ಚಿಕೊಂಡು ಕೂರೋಕಾಗಲ್ಲ. ಅದಕ್ಕೇ ಸರ್ಕಾರವನ್ನ ಕೇಳೋಣ: ಮೊದಲ ಬಾಟಲಿ ಮಾರೋವರೆಗೆ ಕಂತು ಬೇಡ. ಸಣ್ಣ ಕುಟುಂಬಗಳು ಬಾಡಿಗೆಗೆ ಬಳಸೋಕೆ ಟ್ಯಾಂಕು, ಲ್ಯಾಬು ಇರೋ ಸಾಮೂಹಿಕ ಘಟಕ ಬೇಕು. ತೆಲಂಗಾಣ 2021ರಲ್ಲಿ ಮದ್ಯದಂಗಡಿಗಳಲ್ಲೇ ಪರಿಶಿಷ್ಟ ಜಾತಿಗೆ ಶೇ. 10, ಪಂಗಡಕ್ಕೆ ಶೇ. 5 ಮೀಸಲಿಟ್ಟಿತು. ನಾವು ಅಂಗಡಿ ಕೇಳ್ತಿಲ್ಲ, ತಯಾರಿಕೆಯಲ್ಲಿ ಪಾಲು ಕೇಳ್ತಿದೀವಿ.

ಹುಡುಗನಿಗೆ ಹೇಳಿದ್ದು ಇಷ್ಟು: ಮೊದಲೇ ಬಳ್ಳಿ ನೆಡಬೇಡ, ರೈತರ ಹತ್ರ ಹಣ್ಣು ಕೊಂಡು ಕೆಲಸ ಕಲಿ. ಬೆಳಗೊಳ ಜೈನರ ಕ್ಷೇತ್ರ, ಊರೊಳಗೆ ಬೇಡ, ದೂರ ಜಾಗ ನೋಡು. ಕೇರಿಯಲ್ಲಿ ಮಾರಬೇಡ. ದುಡಿದವರ ಕೈಗೆ ದುಡ್ಡೇ ಕೊಡು, ಬಾಟಲಿ ಕೊಡಬೇಡ.

ಜೈ ಭೀಮ್.