ನಾಣ್ಯಸಂಗ್ರಹ: ಕೊಳ್ಳುವುದೇ, ಓದುವುದೇ?

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ನಾಣ್ಯಗಳನ್ನು ಕೂಡಿಡುವ ಹವ್ಯಾಸವುಂಟು. ಅಂಚೆಚೀಟಿಗಳ ಸಂಗ್ರಹದಂತೆ ಇದೂ ಬಹುಕಾಲದಿಂದ ನಡೆದು ಬಂದಿರುವ, ಗೌರವಕ್ಕೆ ಪಾತ್ರವಾದ ಹವ್ಯಾಸ. ಆದರೆ ಈಚೆಗೆ ಇದರೊಳಗೆ ಎರಡು ಭ್ರಾಂತಿಗಳು ಸೇರಿಕೊಂಡಿವೆ. ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಮಾರುವ ಸ್ಮಾರಕ ನಾಣ್ಯಗಳನ್ನು ಹೆಚ್ಚು ಹಣ ತೆತ್ತು ಕೊಂಡವನೇ ದೊಡ್ಡ ಸಂಗ್ರಾಹಕನೆಂಬುದು ಒಂದು. ಅಪರೂಪದ ನಾಣ್ಯವೊಂದು ಕೈಗೆ ಬಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಲಕ್ಷಾಧೀಶನಾಗಬಹುದೆಂಬುದು ಇನ್ನೊಂದು. ಈ ಎರಡೂ ಸರಿಯಲ್ಲವೆಂದು ನನ್ನ ಅಭಿಪ್ರಾಯ. ನಾಣ್ಯವು ವಿದ್ಯಾರ್ಥಿಯ ಪಾಲಿಗೆ ಕೊಳ್ಳುವ ವಸ್ತುವಲ್ಲ, ಓದುವ ವಸ್ತು. ಓದಬಲ್ಲವನಿಗೆ ತಂದೆಯವರು ಸಂತೆಯಿಂದ ಮರಳಿ ತಂದ ಚಿಲ್ಲರೆಯೇ ಸಾಕಾದಷ್ಟು ದೊಡ್ಡ ಭಂಡಾರ.

ಈ ಮಾತಿಗೆ ಮೊದಲ ಸಾಕ್ಷಿ ನಮ್ಮ ಮುಂಬಯಿಯಲ್ಲಿಯೇ ಇದೆ. ಕೋಟೆ ಪ್ರದೇಶದಲ್ಲಿ ರಿಸರ್ವ್ ಬ್ಯಾಂಕಿನ ಎದುರಿಗೆ ಸರಕಾರದ ಟಂಕಸಾಲೆಯ ಹಳೆಯ ಕಟ್ಟಡವನ್ನು ನೀವು ನೋಡಿರಬಹುದು. ಅದನ್ನು ಕಟ್ಟಿ ಮುಗಿಸಿದ್ದು 1829ರಲ್ಲಿ. ನಮ್ಮ ದೇಶದಲ್ಲಿ ಕೇಂದ್ರ ಸರಕಾರದ ಟಂಕಸಾಲೆಗಳು ನಾಲ್ಕು: ಮುಂಬಯಿ, ಕಲಕತ್ತ, ಹೈದರಾಬಾದು ಮತ್ತು ನೋಯಿಡಾ. ಯಾವ ನಾಣ್ಯವು ಎಲ್ಲಿ ಹುಟ್ಟಿತೆಂಬುದನ್ನು ತಿಳಿಯಲು ಯಾರನ್ನೂ ಕೇಳಬೇಕಾದ ಪ್ರಮೇಯವಿಲ್ಲ. ಇಸವಿಯ ಕೆಳಗೆ ದೃಷ್ಟಿಯಿಟ್ಟು ನೋಡಿರಿ. ವಜ್ರದ ಆಕೃತಿಯ ಚಿಕ್ಕ ಗುರುತಿದ್ದರೆ ಅದು ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಬರಿಯ ಚುಕ್ಕೆಯಿದ್ದರೆ ನೋಯಿಡಾದ್ದು, ಯಾವ ಗುರುತೂ ಇಲ್ಲದಿದ್ದರೆ ಕಲಕತ್ತದ್ದು. ಸಾಸಿವೆಯಷ್ಟು ಚಿಕ್ಕದಾದ ಈ ಗುರುತನ್ನು ಕಂಡುಹಿಡಿದ ದಿನ ನಿಮ್ಮ ಕೈಯ ಎರಡು ರೂಪಾಯಿ ಬರಿಯ ಎರಡು ರೂಪಾಯಿಯಾಗಿ ಉಳಿಯುವುದಿಲ್ಲ. ಅದು ಎಲ್ಲಿಯೋ ಹುಟ್ಟಿ, ಎಷ್ಟೋ ಕೈ ದಾಟಿ, ನಮ್ಮಂತೆಯೇ ಊರು ಬಿಟ್ಟು ಊರಿಗೆ ಬಂದ ಪ್ರವಾಸಿಯೆಂದು ತಿಳಿಯುತ್ತದೆ.

ಇನ್ನು ಸ್ಮಾರಕ ನಾಣ್ಯಗಳ ಮಾತು. ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯಗಳು ಪಂಡಿತ ನೆಹರೂ ಅವರ ನಿಧನಾನಂತರ 1964ರಲ್ಲಿ ಹೊರಟವು. 1969ರಲ್ಲಿ ಮಹಾತ್ಮಾ ಗಾಂಧಿಯವರ ಜನ್ಮಶತಾಬ್ದಿಯ ನಾಣ್ಯಗಳು ಬಂದವು. ಅವುಗಳಲ್ಲಿ 10 ರೂಪಾಯಿಯದು ಬೆಳ್ಳಿಯದು, 20 ಪೈಸೆಯದು ಹಿತ್ತಾಳೆಯ ಬಣ್ಣದ್ದು. ಆ 20 ಪೈಸೆಯ ನಾಣ್ಯವನ್ನು ಇಂದಿಗೂ ಅನೇಕ ಮನೆಗಳ ಹಳೆಯ ಡಬ್ಬಿಗಳಲ್ಲಿ ಕಾಣಬಹುದು.

ಸ್ಮಾರಕ ನಾಣ್ಯಗಳಲ್ಲಿ ಎರಡು ಬಗೆಯುಂಟೆಂಬುದನ್ನು ವಿದ್ಯಾರ್ಥಿಗಳು ಮೊದಲು ಅರಿಯಬೇಕು. ಒಂದು, ಬಜಾರಿನಲ್ಲಿ ಓಡಾಡಲೆಂದೇ ಅಚ್ಚಾದುದು. ಅದು ಮುಖಬೆಲೆಗೇ ನಮ್ಮ ಕೈಗೆ ಬರುತ್ತದೆ. ಇನ್ನೊಂದು, ಸಂಗ್ರಾಹಕರಿಗೆ ಮಾರಲೆಂದೇ ಟಂಕಸಾಲೆಯು ಅಚ್ಚು ಹಾಕುವಂಥದು. ಇದರ ಅಚ್ಚುಗಳನ್ನೂ ಲೋಹದ ಬಿಲ್ಲೆಗಳನ್ನೂ ಮೊದಲೇ ನುಣುಪುಗೊಳಿಸಿ, ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆಯುವ ಉತ್ತಮ ಬಗೆಯೂ ಉಂಟು. ಅದರ ಬಯಲು ಕನ್ನಡಿಯಂತೆ ಹೊಳೆಯುತ್ತದೆ, ಚಿತ್ರ ಮಂಜಿನಂತೆ ಬೆಳ್ಳಗೆ ನಿಲ್ಲುತ್ತದೆ. 2023ರಲ್ಲಿ ದಿಲ್ಲಿಯ ಹೊಸ ಸಂಸದ್ ಭವನದ ನೆನಪಿಗಾಗಿ ಹೊರಡಿಸಿದ 75 ರೂಪಾಯಿಯ ನಾಣ್ಯವು ಈ ಮಾರಾಟದ ವರ್ಗಕ್ಕೆ ಸೇರಿದ್ದು: 35 ಗ್ರಾಂ ತೂಕ, ಅದರಲ್ಲಿ ಅರ್ಧದಷ್ಟು ಬೆಳ್ಳಿ. ಇಂಥ ನಾಣ್ಯಗಳ ಮಾರಾಟದ ಬೆಲೆಯು ಮುಖಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಇವು ಯಾವ ಅಂಗಡಿಯನ್ನೂ ಕಾಣುವುದಿಲ್ಲ, ಯಾರ ಹಸಿವನ್ನೂ ನೀಗುವುದಿಲ್ಲ; ಪೆಟ್ಟಿಗೆಯಲ್ಲಿ ಹುಟ್ಟಿ ಪೆಟ್ಟಿಗೆಯಲ್ಲಿಯೇ ಉಳಿಯುತ್ತವೆ.

ಒಂದು ಉದಾಹರಣೆಯಿಂದ ಈ ಭೇದವು ಸ್ಪಷ್ಟವಾದೀತು. 2006ರಲ್ಲಿ ಮಹಾತ್ಮಾ ಬಸವೇಶ್ವರರ ನಾಣ್ಯಗಳು ಹೊರಟವು: ಒಂದು 100 ರೂಪಾಯಿಯದು, ಇನ್ನೊಂದು 5 ರೂಪಾಯಿಯದು. ಮೊದಲನೆಯದು ಸಂಗ್ರಾಹಕರ ಕಪಾಟು ಸೇರಿತು. ಎರಡನೆಯದು ಜನರ ನಡುವೆ ನಡೆಯಿತು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ರಾಜನ ಹಣವನ್ನು ಕಾಯುತ್ತ, ತಮ್ಮದೆಂಬುದನ್ನು ದಾಸೋಹಕ್ಕೆ ಸಲ್ಲಿಸಿದವರೆಂದು ನಾಡು ಅವರನ್ನು ನೆನೆಯುತ್ತದೆ. ಅಂಥವರ ಮುಖವನ್ನು ಹೊತ್ತ ನಾಣ್ಯಗಳಲ್ಲಿ ಯಾವುದು ಅವರಿಗೆ ಹೆಚ್ಚಿನ ಗೌರವ ತಂದೀತು? ಕಪಾಟಿನಲ್ಲಿ ಬೀಗ ಹಾಕಿಸಿಕೊಂಡ ಬೆಳ್ಳಿಯೋ, ತರಕಾರಿ ಮಾರುವವಳ ಸೆರಗಿನ ಗಂಟಿನಲ್ಲಿದ್ದು ಕಾಯಕದ ಕೂಲಿಯಾಗಿ ಸವೆದ ಐದು ರೂಪಾಯಿಯೋ? ನನಗಂತೂ ಸವೆದುದೇ ಶ್ರೇಷ್ಠವೆನಿಸುತ್ತದೆ.

ನಾಣ್ಯದ ಮೇಲೆ ನೆನಪನ್ನು ಅಚ್ಚೊತ್ತುವ ಪದ್ಧತಿಯು ನಮಗೆ ಹೊಸದೂ ಅಲ್ಲ. ಹೊಯ್ಸಳ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದುಕೊಂಡ ಮೇಲೆ ಹೊರಡಿಸಿದ ಚಿನ್ನದ ನಾಣ್ಯಗಳಲ್ಲಿ ‘ಶ್ರೀ ತಲಕಾಡುಗೊಂಡ’ ಎಂಬ ಕನ್ನಡ ಲೇಖವಿದೆ. ಒಂಬೈನೂರು ವರ್ಷಗಳ ಹಿಂದಿನ ಈ ನಾಣ್ಯವೂ ಸ್ಮಾರಕ ನಾಣ್ಯವೇ ಅಲ್ಲವೆ? ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳ ಮೇಲೆ ‘ಮಯಿಲಿ ಕಾಸು’ ಎಂಬ ಕನ್ನಡ ಅಕ್ಷರಗಳುಂಟು. ಈ ಮಹಾನಗರದ ಎಷ್ಟೋ ಧನಿಕ ಸಂಗ್ರಾಹಕರು ಇಂಥ ಕಾಸನ್ನು ಬೆಲೆ ಕೊಟ್ಟು ಕೊಂಡಾರು, ಆದರೆ ಅದರ ಮೇಲಿನ ಮಾತನ್ನು ಅವರಿಗೆ ಓದಲಾಗದು. ಬಿಡಿಗಾಸಿಲ್ಲದ ಕನ್ನಡ ಶಾಲೆಯ ಬಾಲಕನು ಓದಬಲ್ಲ. ಕನ್ನಡವನ್ನು ಕಲಿತು ಈ ನಗರದಲ್ಲಿ ಏನು ಪ್ರಯೋಜನವೆಂದು ಕೇಳುವವರಿಗೆ ಇದೂ ಒಂದು ಉತ್ತರ.

ಈಗ ‘ಅಪರೂಪದ ನಾಣ್ಯ’ವೆಂಬ ಮಾತನ್ನು ವಿಚಾರಿಸೋಣ. ನಾಣ್ಯವು ಹಳೆಯದಾದ ಮಾತ್ರಕ್ಕೆ ಅಪರೂಪವಾಗುವುದಿಲ್ಲ, ಅಪರೂಪಕ್ಕೆ ಕಾರಣವಿರಬೇಕು. 1911ರ ಐದನೆಯ ಜಾರ್ಜ್ ದೊರೆಯ ರೂಪಾಯಿಯನ್ನು ತೆಗೆದುಕೊಳ್ಳಿರಿ. ದೊರೆಯ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿ ಒಂದು ಆನೆಯ ಚಿತ್ರವಿತ್ತು. ಸೊಂಡಿಲು ಚಿಕ್ಕದಾಗಿ ಕಂಡುದರಿಂದ ಜನರ ಕಣ್ಣಿಗೆ ಅದು ಹಂದಿಯೆಂದು ತೋರಿ, ಹಲವರ ಧರ್ಮಭಾವನೆಗೆ ನೋವಾಯಿತು. ಸರಕಾರವು ಆ ರೂಪಾಯಿಯನ್ನು ಹಿಂದೆಗೆದುಕೊಂಡು, 1912ರಲ್ಲಿ ಆನೆಯನ್ನು ಆನೆಯಾಗಿಯೇ ತಿದ್ದಿತು. ಹೀಗೆ ಜನರ ಮನಸ್ಸಿಗೆ ಸರಕಾರವು ಮಣಿದುದರಿಂದ ಆ ರೂಪಾಯಿ ವಿರಳವಾಯಿತು. ಕಥೆಯನ್ನು ಬಲ್ಲವನಿಗೆ ಅದರ ಚಿತ್ರವೇ ಸಾಕು. ಅರಿಯದವನಿಗೆ ಅದೂ ಒಂದು ರೂಪಾಯಿ ಮಾತ್ರ.

ಓದದೆ ಕೊಳ್ಳುವವನು ಮೋಸಹೋಗುತ್ತಾನೆ. ಸೀತಾರಾಮರ ಅಥವಾ ಹನುಮಂತನ ಚಿತ್ರವಿದ್ದು, ‘ಈಸ್ಟ್ ಇಂಡಿಯಾ ಕಂಪನಿ, 1818’ ಎಂದು ಬರೆದಿರುವ ದಪ್ಪ ತಾಮ್ರದ ಬಿಲ್ಲೆಗಳನ್ನು ರಸ್ತೆಯ ಬದಿಯಲ್ಲಿ ಮಾರುವುದನ್ನು ನೀವು ನೋಡಿರಬಹುದು. ಕಂಪನಿ ಸರಕಾರವು ಅಂಥ ನಾಣ್ಯವನ್ನು ಎಂದೂ ಅಚ್ಚು ಹಾಕಿಸಲಿಲ್ಲ. ಅವು ನಾಣ್ಯಗಳೇ ಅಲ್ಲ. ಹಾಗೆಯೇ ಮನೆಯಲ್ಲಿರುವ ಹಳೆಯ ಐದು ರೂಪಾಯಿಗೆ ಲಕ್ಷ ಲಕ್ಷ ಕೊಡುವೆವೆಂದು, ಅದಕ್ಕೆ ಮೊದಲು ಶುಲ್ಕ ಕಳುಹಿಸಿರೆಂದು ಮೊಬೈಲಿನಲ್ಲಿ ಬರುವ ಜಾಹೀರಾತುಗಳು. ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲವೆಂದು, ಶುಲ್ಕ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಕಾಸಿದ್ದರೆ ಕೈಲಾಸವೆಂಬ ಗಾದೆಯುಂಟು; ಆದರೆ ದುಡಿದು ತಂದ ಕಾಸನ್ನು ಸುಳ್ಳು ಕೈಲಾಸಕ್ಕೆ ಕಳುಹಿಸುವುದು ಅವಿವೇಕ.

ಇದಕ್ಕೆ ಕೆಲವರು ಆಕ್ಷೇಪಿಸಬಹುದು: “ಟಂಕಸಾಲೆಯ ಸ್ಮಾರಕ ನಾಣ್ಯಗಳಲ್ಲಿ ಶಿಲ್ಪಿಯ ಕೌಶಲವಿದೆ, ಬೆಳ್ಳಿಯಿದೆ, ಅವು ಕೆಡದೆ ಮುಂದಿನ ಪೀಳಿಗೆಗೆ ಉಳಿಯುತ್ತವೆ. ಅವನ್ನು ಕೊಳ್ಳುವುದು ತಪ್ಪೇ?” ತಪ್ಪಲ್ಲ. ಅನುಕೂಲವುಳ್ಳ ಹಿರಿಯರು ತಮಗೆ ಪ್ರಿಯರಾದವರ ನೆನಪಿಗೆಂದು ಒಂದನ್ನು ಕೊಂಡರೆ ಯಾರೂ ಆಡಿಕೊಳ್ಳಬೇಕಾಗಿಲ್ಲ. ನನ್ನ ಆಕ್ಷೇಪವಿರುವುದು, ಕೊಳ್ಳಲಾರದ ಹುಡುಗನು ತನ್ನ ಡಬ್ಬಿಯನ್ನು ನೋಡಿ ನಾಚಿಕೊಳ್ಳುವಂತಾಗುವುದರ ಬಗ್ಗೆ. ನಮ್ಮ ಶಾಲೆಯ ಮಕ್ಕಳ ತಂದೆತಾಯಿಗಳು ಹೋಟೆಲುಗಳಲ್ಲಿ, ಗೋದಾಮುಗಳಲ್ಲಿ, ಪರರ ಮನೆಗಳಲ್ಲಿ ದುಡಿಯುವವರು. ಅಂಥ ಮನೆಯ ಮಗುವಿಗೆ ಹವ್ಯಾಸವು ಹೊರೆಯಾಗಬಾರದು, ಕೀಳರಿಮೆಗೆ ಕಾರಣವಾಗಬಾರದು.

ಆದುದರಿಂದ ವಿದ್ಯಾರ್ಥಿಗಳು ಹೀಗೆ ಮಾಡಲಿ. ಒಂದು ನೋಟುಬುಕ್ಕನ್ನಿಟ್ಟು, ಪ್ರತಿಯೊಂದು ನಾಣ್ಯದ ಇಸವಿ, ಟಂಕಸಾಲೆ, ಲೋಹ, ಚಿತ್ರ, ಅದು ಯಾರಿಂದ ದೊರೆಯಿತೆಂಬ ವಿವರ, ಇವನ್ನು ಬರೆದಿಡಿರಿ. ಹುಣಿಸೆಹಣ್ಣಿನಿಂದಲೂ ಬೂದಿಯಿಂದಲೂ ಉಜ್ಜಿ ಹೊಳಪು ಬರಿಸಬೇಡಿರಿ. ಉಜ್ಜಿದರೆ ಮೇಲ್ಮೈ ಗೀರಿ, ಅಕ್ಷರ ಅಳಿಸಿ, ನಾಣ್ಯವು ಮೂಕವಾಗುತ್ತದೆ. ಮನೆಯ ಹಿರಿಯರನ್ನು ಕೇಳಿರಿ. ರೂಪಾಯಿಗೆ 16 ಆಣೆಯಿದ್ದ ಲೆಕ್ಕವು 1957ರ ಏಪ್ರಿಲ್ 1ರಿಂದ 100 ನಯಾಪೈಸೆಯಾದುದನ್ನು ಕಂಡವರು, ಇಲ್ಲವೆ ಕಂಡವರಿಂದ ಕೇಳಿದವರು ಇನ್ನೂ ಇದ್ದಾರೆ. ಹಳೆಯ ರೂಪಾಯಿಗಳು ದೊರೆತರೆ ಲೋಹವನ್ನು ಹೋಲಿಸಿ ನೋಡಿರಿ: ಮೊದಲು 12 ಪಾಲಿನಲ್ಲಿ 11 ಪಾಲು ಬೆಳ್ಳಿಯಿದ್ದ ರೂಪಾಯಿ, ಮಹಾಯುದ್ಧದ ಒತ್ತಡದಿಂದ 1940ರಲ್ಲಿ ಅರ್ಧ ಬೆಳ್ಳಿಗೆ ಇಳಿದು, 1947ರಲ್ಲಿ ಬರಿಯ ನಿಕಲ್ ಆಯಿತು. ಒಂದು ಯುದ್ಧದ ಭಾರವನ್ನು ಬೆರಳ ತುದಿಯಲ್ಲಿ ತೂಗಿ ನೋಡುವ ಇಂಥ ಪಾಠ ಬೇರೆಲ್ಲಿ ಸಿಕ್ಕೀತು? ಘೇಂಡಾಮೃಗದ ಚಿತ್ರವಿದ್ದ 25 ಪೈಸೆಯೂ ಅದಕ್ಕಿಂತ ಚಿಕ್ಕ ನಾಣ್ಯಗಳೂ 2011ರ ಜೂನ್ 30ರಿಂದ ಚಲಾವಣೆಯನ್ನು ಕಳೆದುಕೊಂಡವು. ಅಂಗಡಿಯವನು ಒಲ್ಲದ ಆ ನಾಣ್ಯಗಳಿಗೆ ನಿಮ್ಮ ಡಬ್ಬಿಯಲ್ಲಿ ಮನೆಯಿರಲಿ.

ವಿರಳವಾದ ನಾಣ್ಯಗಳನ್ನು ನೋಡಬೇಕೆನಿಸಿದರೆ ಅವಕ್ಕಾಗಿ ವಸ್ತುಸಂಗ್ರಹಾಲಯಗಳಿವೆ. ಅಲ್ಲಿ ಗಾಜಿನ ಹಿಂದಿರುವುದು ನಮ್ಮೆಲ್ಲರದು. ನಮ್ಮ ಕೈಯಲ್ಲಿರುವುದನ್ನು ಮೊದಲು ಅರಿತರೆ ಅಲ್ಲಿರುವುದೂ ಅರ್ಥವಾದೀತು. ನಾಳೆ ಬೆಳಿಗ್ಗೆ ಹಾಲಿನವನು ಚಿಲ್ಲರೆ ಕೊಟ್ಟಾಗ ಎಣಿಸಿ ಸುಮ್ಮನಾಗಬೇಡಿರಿ. ಇಸವಿಯ ಕೆಳಗೊಮ್ಮೆ ನೋಡಿರಿ.